ದೊಡ್ಡಪ್ಪನ ಡೈರಿ, ಮಗಳ ಡೈರಿ

ಮಗಳ ಡೈರಿ ಇವತ್ತು ಸ್ಕೂಲಿನಿಂದ ವಾಪಸ್ ಬಂದಿದೆ. ಪುಟ ಪುಟಕ್ಕೂ ಕೆಂಪು ಇಂಕು. ಕೊನೆಯಲ್ಲಿ ಟೀಚರ್ ಎರಡೇ ಮಾತು ಬರೆದಿದ್ದಾರೆ, 'ಪ್ಲೀಸ್ ರೀ-ಡೂ', ಅಂದರೆ ಮತ್ತೆ ಬರೆಸಿ ಅಂತ. ಅದರ ಕೆಳಗೆ ಅಪ್ಪ ಅಮ್ಮನ ಸಹಿಗೆ ಒಂದು ಗೆರೆ. ಸೋಮವಾರಕ್ಕೆ ಬೇಕಂತೆ.

ಇವತ್ತು ಶುಕ್ರವಾರ. ಅವರೆಕಾಳು ಹಿತುಕಿ ಹಿತುಕಿ ನನ್ನ ಹತ್ತೂ ಬೆರಳು ಒಣದ್ರಾಕ್ಷಿ ಥರ ಸುಕ್ಕಾಗಿವೆ. ಊರಿಂದ ತಂದ ಮೂಟೆಯಲ್ಲಿ ಇನ್ನೂ ಅರ್ಧ ಹಾಗೇ ಇದೆ. ಅದರಿಂದ ಎದ್ದು ಬಂದ ಒಂದು ಹಸಿರು ಹುಳ ನಿಧಾನಕ್ಕೆ ಸೋಫಾ ಹತ್ತುತ್ತಿದೆ, ಅದಕ್ಕೂ ವೀಕೆಂಡ್ ಶುರುವಾಗಿದೆ ಅಂತ ಕಾಣುತ್ತೆ. ಈಗ ನಾನು ಕೂತು ನಾಲ್ಕನೇ ಕ್ಲಾಸಿನ ಹುಡುಗಿಯ ಪರವಾಗಿ ಕೃತಜ್ಞತೆ ಬರೆಯಬೇಕು.

ಹೌದು, ಕೃತಜ್ಞತೆ. ಸಂಕ್ರಾಂತಿಗೆ ಅಂತ ಕೊಟ್ಟಿದ್ದೇ ನಾಲ್ಕು ದಿನ ರಜೆ, ಅದರಲ್ಲಿ ಒಂದು ಭಾನುವಾರ, ಅದು ಹೇಗೂ ನಮ್ಮದೇ. ಆ ನಾಲ್ಕು ದಿನಕ್ಕೂ ಒಂದು ಪ್ರಾಜೆಕ್ಟು. ಹೆಸರು 'ಗ್ರಾಟಿಟ್ಯೂಡ್ ಡೈರಿ'. ದಿನಕ್ಕೆ ಮೂರು ಸಾಲು, ಯಾವುದಕ್ಕೆ ಅಥವಾ ಯಾರಿಗೆ ನಾನು ಋಣಿ ಅಂತ ಬರೆಯಬೇಕು. ಒಟ್ಟು ಹನ್ನೆರಡು ಸಾಲು. ಬಸ್ಸಲ್ಲಿ ಹೋಗುತ್ತಾ ಮುಗಿಸಿಬಿಡಬಹುದಿತ್ತು. ಆದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸೂಚನೆ ಇತ್ತು: ಊರಿಗೆ ಹೋಗುವ ಮಕ್ಕಳು ಅಲ್ಲಿನ ಹಿರಿಯರನ್ನು ಮಾತಾಡಿಸಿ ಬರೆಯಬೇಕು. ಎಲ್ಲ ಹಾಳಾಗಿದ್ದು ಆ ಸೂಚನೆಯಿಂದ. ಟೀಚರಿಗೆ ನಮ್ಮ ದೊಡ್ಡಪ್ಪ ಗೊತ್ತಿಲ್ಲವಲ್ಲ, ಪಾಪ.

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯಲ್ಲಿ ಥ್ಯಾಂಕ್ಸ್ ಹೇಳುವ ಅಭ್ಯಾಸ ಇಲ್ಲ. ಕೆಲಸ ಸಿಕ್ಕಿ ಬೆಂಗಳೂರು ಸೇರಿದ ಹೊಸದರಲ್ಲಿ ಊರಿಗೆ ಹೋದಾಗ ಅಮ್ಮ ಕಾಫಿ ತಂದುಕೊಟ್ಟಳು. ನಾನು ಆಫೀಸಿನ ಚಾಳಿಯಲ್ಲಿ "ಥ್ಯಾಂಕ್ಸ್ ಅಮ್ಮ" ಅಂದೆ. ಅಮ್ಮ ಗಾಬರಿಯಾಗಿ, "ಯಾಕೆ, ಆಗಲೇ ಹೊರಟ್ಯಾ?" ಅಂದಳು. ನಮ್ಮಲ್ಲಿ ಥ್ಯಾಂಕ್ಸ್ ಹೇಳುವುದು ಗ್ಯಾಸ್ ರಿಪೇರಿಯವನಿಗೆ, ಬ್ಯಾಂಕಿನವರಿಗೆ, ಒಟ್ಟಿನಲ್ಲಿ ಎದ್ದು ಹೋಗುವವರಿಗೆ.

ದೊಡ್ಡಪ್ಪ ಮಾತ್ರ ಇದಕ್ಕೆ ಹೊರತು. ಅವರಿಗೆ ಥ್ಯಾಂಕ್ಸ್ ಬೇಕು. ಬಡ್ಡಿ ಸಮೇತ ಬೇಕು.

ನಮ್ಮೂರು ನರಸಾಪುರದ ಆಚೆ. ಹೆದ್ದಾರಿಯ ಗೇಟಲ್ಲಿ ಇಳಿದು ಆಟೋ ಹಿಡಿದು ಒಳಗೆ ಹೋಗಬೇಕು. ದೊಡ್ಡಪ್ಪ ಅಲ್ಲಿನ ಹಾಲಿನ ಡೈರಿಗೆ 31 ವರ್ಷ ಸೆಕ್ರೆಟರಿ ಆಗಿದ್ದವರು. ಕೋಲಾರದ ಕಡೆಯವರಿಗೆ ಈ ಹುದ್ದೆಯ ತೂಕ ಬಿಡಿಸಿ ಹೇಳಬೇಕಾಗಿಲ್ಲ. ಹೇಳಿಕೊಳ್ಳುವಂಥ ಹರಿಯುವ ನದಿ ಇಲ್ಲದ ಜಿಲ್ಲೆ ನಮ್ಮದು. ಪಾಲಾರ್ ನಮ್ಮ ಜಿಲ್ಲೆಯಲ್ಲೇ ಹರಿಯುತ್ತೆ ಅಂತ ಸ್ಕೂಲಲ್ಲಿ ಬಾಯಿಪಾಠ ಮಾಡಿದ್ದೆ, ಬೇತಮಂಗಲದ ಕಡೆ ಹೋದಾಗ ನೋಡಿದ್ದು ಬರೀ ಮರಳು. ಪಾಲ್ ಅಂದರೆ ಹಾಲಂತೆ. ಹೆಸರಿಗೆ ಹಾಲಿನ ನದಿ, ಊರಿಗೂ ಹಾಲೇ ಗತಿ. ಮಳೆ ಕೈಕೊಟ್ಟ ವರ್ಷ, ಟೊಮೆಟೊ ರೇಟು ಬಿದ್ದು ರಸ್ತೆ ಬದಿಗೆ ಸುರಿದ ವರ್ಷ, ಮನೆ ನಡೆಸಿದ್ದು ಕೊಟ್ಟಿಗೆಯ ಎರಡು ಹಸು. ಆ ಹಸುವಿನ ಹಾಲಿಗೆ ಎಷ್ಟು ಫ್ಯಾಟು, ಎಷ್ಟು ಡಿಗ್ರಿ ಅಂತ ಬರೆಯುತ್ತಿದ್ದವರು ದೊಡ್ಡಪ್ಪ. ಹೀಗಾಗಿ ಊರಿನ ಅರ್ಧ ಜನರ ಹಣೆಬರಹ ತಾನೇ ಬರೆದೆ ಅಂತ ಅವರ ಭಾವನೆ. ಅದರಲ್ಲಿ ಸುಳ್ಳೂ ಇಲ್ಲ ಬಿಡಿ.

ಕಷ್ಟ ಏನೆಂದರೆ, ರಿಟೈರ್ ಆದಮೇಲೂ ಅವರು ಬರೆಯುವುದು ನಿಲ್ಲಿಸಿಲ್ಲ. ಈಗ ತಲೆಯೊಳಗೆ ಬರೆಯುತ್ತಾರೆ. ಯಾರೇ ಎದುರಿಗೆ ಬರಲಿ, ಅವರ ಮನೆಗೆ ತಾನು ಮಾಡಿದ ಉಪಕಾರ ತಾರೀಖಿನ ಸಮೇತ ಆಚೆ ಬರುತ್ತೆ. ಮದುವೆ ಮನೆಯಲ್ಲಿ ಮದುಮಗನ ಕೈ ಹಿಡಿದು, "ನಿಮ್ಮಪ್ಪನಿಗೆ ಟೈಫಾಯ್ಡ್ ಬಂದಾಗ ಗಾಡಿ ಕಟ್ಟಿದ್ದು ಯಾರು, ಕೇಳು" ಅನ್ನುತ್ತಾರೆ. ಮದುಮಗ ಅಪ್ಪನ ಮುಖ ನೋಡುತ್ತಾನೆ. ಅಪ್ಪ ಊಟದ ಪಂಕ್ತಿಯ ಕಡೆ ನೋಡುತ್ತಾನೆ.

ಇಂಥ ಮನುಷ್ಯನ ಮುಂದೆ ಹೋಗಿ ನನ್ನ ಮಗಳು, "ದೊಡ್ಡ ತಾತ, ನಾನು ಡೈರಿ ಬರೀಬೇಕು, ಹೆಲ್ಪ್ ಮಾಡ್ತೀರಾ?" ಅಂದಳು.

"ಡೈರಿನಾ?"

ದೊಡ್ಡಪ್ಪನ ಮುಖದಲ್ಲಿ ಆ ಹೊತ್ತು ಬಂದ ಕಳೆಯನ್ನು ನಾನು ಹತ್ತು ವರ್ಷದಿಂದ ನೋಡಿರಲಿಲ್ಲ. ಕನ್ನಡಕ ಒರೆಸಿಕೊಂಡರು. ಸ್ಕೇಲು ಕೇಳಿದರು. ಮಗಳು ಗ್ಲಿಟರ್ ಪೆನ್ನಲ್ಲಿ ಹೂವು, ಹೃದಯ, ನಗುವ ಸೂರ್ಯ ಎಲ್ಲ ಬಿಡಿಸಿದ್ದ ಪುಟದ ಮೇಲೆ, ಹೃದಯದ ನಡುಮಧ್ಯೆ ಹಾಯುವ ಹಾಗೆ, ಉದ್ದಕ್ಕೆ ಗೆರೆ ಎಳೆದರು. ತಾರೀಖು. ಬೆಳಿಗ್ಗೆ, ಸಂಜೆ. ಪಡೆದವರು. ವಿವರ. ಫ್ಯಾಟ್. ಎಸ್‌ಎನ್‌ಎಫ್. ಸಹಿ.

"ಇದು ಹಾಲಿನ ಡೈರಿ ಅಲ್ಲ ದೊಡ್ಡಪ್ಪ" ಅಂತ ನಾನು ಒಳಗಿನಿಂದ ಕೂಗಿದೆ.

"ಡೈರಿ ಅಂದ್ಮೇಲೆ ಡೈರಿ. ನೀನು ಮುದ್ದೆ ನೋಡು, ಗಂಟು ಕಟ್ಟುತ್ತೆ."

ಶುರುವಾಯಿತು. ಮಾತು ಕನ್ನಡದಲ್ಲಿ, ಲೆಕ್ಕ ತೆಲುಗಿನಲ್ಲಿ. ನಮ್ಮ ಕಡೆ ಎಲ್ಲರೂ ಹೀಗೇ, ದುಡ್ಡು ಎಣಿಸುವಾಗ ನಾಲಿಗೆ ತಾನಾಗಿ ಗಡಿ ದಾಟುತ್ತೆ. ಒಕಟಿ: 1983, ನಿಮ್ಮ ತಾತನ ಮದುವೆಗೆ ಬಂಗಾರಪೇಟೆಯಿಂದ ಎರಡು ಪೆಟ್ರೋಮ್ಯಾಕ್ಸ್ ದೀಪ ತಂದಿದ್ದು, ಒಂದನ್ನು ತಲೆ ಮೇಲೆ ಹೊತ್ತು. ಫ್ಯಾಟ್ 4.2. ರೆಂಡು: ಅದೇ ಮದುವೆಗೆ ಅಡುಗೆಯವನು ಓಡಿಹೋದಾಗ ಹುಡುಕಿಕೊಂಡು ಬಂದಿದ್ದು. ಫ್ಯಾಟ್ 4.5. ಮೂಡು: 1991, ಬೋರ್‌ವೆಲ್ ಪಾಯಿಂಟ್ ತೋರಿಸಿದ್ದು.

"ನೀರು ಬಂತಾ ತಾತ?"

"ಬರಲಿಲ್ಲ."

"ಮತ್ತೆ ಥ್ಯಾಂಕ್ಸ್ ಯಾಕೆ?"

ದೊಡ್ಡಪ್ಪ ಒಂದು ಕ್ಷಣ ಯೋಚಿಸಿದರು. "ಉದ್ದೇಶ ಒಳ್ಳೇದಿತ್ತು. 3.5 ಹಾಕು, ಅದಕ್ಕಿಂತ ಕಮ್ಮಿ ಆದ್ರೆ ವಾಪಸ್ ಕಳಿಸ್ತಾರೆ."

ಹೀಗೆ ಸಾಗಿತು. ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೋಗುವಾಗ ಅವರು ಕೊಟ್ಟ ಪೆನ್ನೂ ಪಟ್ಟಿಯಲ್ಲಿ ಬಂತು. ನನಗೆ ಚೆನ್ನಾಗಿ ನೆನಪಿದೆ, ಆ ಪೆನ್ನು ಬರೆಯಲೇ ಇಲ್ಲ, ಪಕ್ಕದ ಬೆಂಚಿನ ಹುಡುಗಿಯ ಹತ್ತಿರ ಕೇಳಿ ಇಸಕೊಂಡು ಬರೆದೆ. ಸೌಟು ಹಿಡಿದುಕೊಂಡೇ ಹೊರಗೆ ಬಂದು ಹೇಳಿದೆ. ದೊಡ್ಡಪ್ಪ ತಲೆ ಎತ್ತಲೇ ಇಲ್ಲ. "ಪಾಸಾದೆ ತಾನೇ? ಬರ್ಕೋ ಮಗ, 4.0."

"ತಾತ, ಎಸ್‌ಎನ್‌ಎಫ್ ಅಂದ್ರೆ?"

"ಹಾಲಲ್ಲಿ ಕೊಬ್ಬು ಬಿಟ್ಟು ಉಳಿಯೋ ಗಟ್ಟಿ ಪದಾರ್ಥ. 8.5 ಇರಬೇಕು."

ಅಮ್ಮ ಒಲೆಯ ಮುಂದೆ ಕೂತು, ಯಾರಿಗೂ ಅಲ್ಲ ಅನ್ನುವ ಹಾಗೆ, "ಅವರದ್ರಲ್ಲಿ ಕೊಬ್ಬು ಬಿಟ್ರೆ ಏನು ಉಳಿಯುತ್ತೆ, ಆ ಕಾಲಂ ಸುಮ್ನೆ ದಂಡ" ಅಂದಳು. ನಲವತ್ತು ವರ್ಷ ಒಂದೇ ಅಂಗಳದಲ್ಲಿ ಬಾಳಿದವಳ ಮಾತು. ನಾನು ನಕ್ಕಿದ್ದಕ್ಕೆ ಮುದ್ದೆ ಗಂಟಾಯಿತು.

ಎರಡನೇ ದಿನ ಸಂಜೆಯ ಹೊತ್ತಿಗೆ ಪಟ್ಟಿ 41ಕ್ಕೆ ಬಂದಿತ್ತು. ನನ್ನ ಗಂಡ ಈ ಯಾವುದಕ್ಕೂ ಸಿಗಲಿಲ್ಲ. ಆಫೀಸ್ ಕಾಲ್ ಅಂತ ಮಹಡಿ ಹತ್ತಿದ್ದರು, ಅಲ್ಲಿ ಮಾತ್ರ ನೆಟ್‌ವರ್ಕ್ ಸಿಗುತ್ತೆ ಅಂತೆ. ಮಹಡಿ ಮೇಲೆ ಒಣಗಲು ಹಾಕಿದ್ದ ಕಡಲೆಕಾಯಿಯೂ ಅಲ್ಲೇ ಸಿಗುತ್ತಿತ್ತು.

ಇನ್ನು ಭಾಷೆಯ ಸಮಸ್ಯೆ. ಪ್ರಾಜೆಕ್ಟು ಇಂಗ್ಲಿಷಿನಲ್ಲಿ ಇರಬೇಕು. ದೊಡ್ಡಪ್ಪ ಹೇಳುವುದು ಕನ್ನಡದಲ್ಲಿ. ಮಧ್ಯೆ ಸಿಕ್ಕಿಕೊಂಡಿರುವುದು ಎರಡೂ ಅರ್ಧರ್ಧ ಬರುವ ಬೆಂಗಳೂರಿನ ಕೂಸು. ಕರುವಿಗೆ ಇಂಗ್ಲಿಷಲ್ಲಿ ಏನನ್ನುತ್ತಾರೆ ಅಂತ ಗೊತ್ತಾಗದೆ 'ಬೇಬಿ ಕೌ' ಅಂತ ಬರೆದಿದ್ದಾಳೆ. ಕೊಟ್ಟಿಗೆಗೆ 'ಕೌ ಅಪಾರ್ಟ್‌ಮೆಂಟ್'. ಇದನ್ನಾದರೂ ಸಹಿಸಬಹುದು. ಬರಗಾಲದ ವರ್ಷ ನಮ್ಮ ಹಸುವಿಗೆ ದೊಡ್ಡಪ್ಪ ಎರಡು ಮೂಟೆ ಹಿಂಡಿ ಕೊಡಿಸಿದ್ದರು, ಅದು ಇಪ್ಪತ್ತೇಳನೇ ಐಟಂ. ಹಿಂಡಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಏನಾಗುತ್ತೆ ಹೇಳಿ? 'ಹಸುವಿಗೆ ತಿನ್ನಲು ಏನೂ ಇರಲಿಲ್ಲ, ಆಗ ದೊಡ್ಡ ತಾತ ಎರಡು ಮೂಟೆ ಹಿಂದಿ ಕೊಟ್ಟರು' ಅಂತ ಆಗಿ ಕೂತಿದೆ. ಟೀಚರ್ ಅದಕ್ಕೆ ಸುತ್ತು ಹಾಕಿ ಮೂರು ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದಾರೆ. ಹಿಂದಿ ಹೇರಿಕೆ ಕೊಟ್ಟಿಗೆಯ ತನಕ ಬಂತು ಅಂತ ಅವರಿಗೆ ಅನ್ನಿಸಿದ್ದರೆ ತಪ್ಪಿಲ್ಲ.

ನಗು ಬರುತ್ತೆ ನಿಜ. ಆದರೆ ಮೂರನೇ ದಿನದ ಹೊತ್ತಿಗೆ ನನಗೆ ಒಳಗೊಳಗೇ ಉರಿಯತೊಡಗಿತ್ತು. ಯಾಕೆಂದರೆ ಪಟ್ಟಿಯಲ್ಲಿ 'ಪಡೆದವರು' ಅನ್ನುವ ಕಾಲಂನಲ್ಲಿ ಮತ್ತೆ ಮತ್ತೆ ಬರುತ್ತಿದ್ದದ್ದು ನಮ್ಮ ಅಪ್ಪನ ಹೆಸರು. ಅಪ್ಪ ಹೋಗಿ ಆರು ವರ್ಷ. ಅವರು ಇದ್ದಾಗ ಈ ಆಟ ಬೇರೆ ಥರ ಇತ್ತು. ದೊಡ್ಡಪ್ಪ ಒಂದು ಎಂಟ್ರಿ ಹಾಕಿದರೆ ಅಪ್ಪ ಅಂಗಳದ ಆಚೆಯಿಂದ ಬೀಡಿ ಕಚ್ಚಿಕೊಂಡೇ ಇನ್ನೊಂದು ಎಂಟ್ರಿ ಹಾಕುತ್ತಿದ್ದರು. "ಪೆಟ್ರೋಮ್ಯಾಕ್ಸ್ ತಂದೆ ಸರಿ, ಅದರ ಬಾಡಿಗೆ ಕೊಟ್ಟಿದ್ದು ಯಾರು?" ಅಂತ. ದೊಡ್ಡಪ್ಪ ಬಾಯಿ ಮುಚ್ಚಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಆ ಕಡೆಯ ಲೆಕ್ಕ ಪೂರ್ತಿ ಗೊತ್ತಿದ್ದದ್ದು ಅಪ್ಪನಿಗೊಬ್ಬರಿಗೇ. ಅಮ್ಮನನ್ನು ಕೇಳಿದರೆ, "ಬಿಡೇ, ಅವರಿಗೂ ಜಗಳಕ್ಕೆ ಯಾರಿದ್ದಾರೆ ಈಗ" ಅನ್ನುತ್ತಾಳೆ. ಆಮೇಲೆ ನನಗೂ ಅನ್ನಿಸಿತು, ದೊಡ್ಡಪ್ಪ ಪ್ರತಿ ಎಂಟ್ರಿ ಆದಮೇಲೆ ಅರೆಗಳಿಗೆ ಸುಮ್ಮನಾಗಿ ಅಂಗಳದ ಆ ಕಡೆ ನೋಡುತ್ತಿದ್ದರು. ಅಥವಾ ಅದು ಸುಮ್ನೆ ಎಲೆಯಡಿಕೆ ಉಗಿಯಲು ಜಾಗ ಹುಡುಕುತ್ತಿದ್ದದ್ದೂ ಇರಬಹುದು.

ಹಬ್ಬದ ದಿನ ಕಿಚ್ಚು ಹಾಯಿಸಬೇಕಲ್ಲ. ಈಗ ಊರಲ್ಲಿ ಉಳುವ ಎತ್ತು ಹುಡುಕಿದರೂ ಸಿಗಲ್ಲ. ಟ್ರ್ಯಾಕ್ಟರಿಗೆ ಸ್ನಾನ ಮಾಡಿಸಿ ಚೆಂಡುಹೂವು ಕಟ್ಟಿದ್ದರು, ಅದನ್ನು ಬೆಂಕಿ ಮೇಲೆ ಓಡಿಸಲು ಆಗಲ್ಲ. ಹಾಗಾಗಿ ದೊಡ್ಡಪ್ಪನ ಎಚ್‌ಎಫ್ ತಳಿಯ ಹಸು ಗೌರಿಯೇ ಗತಿ. ದಿನಕ್ಕೆ ಹದಿನೆಂಟು ಲೀಟರ್ ಕೊಡುವ ಆನೆಯಂಥ ಹಸು. ಅರಿಶಿನ ಬಳಿದು, ಕೊಂಬಿಗೆ ಬಣ್ಣ ಹಚ್ಚಿ, ಹುಲ್ಲಿಗೆ ಬೆಂಕಿ ಇಟ್ಟು ಹಿಂದಿನಿಂದ ಐದು ಜನ ನೂಕಿದರು. ಗೌರಿ ಬೆಂಕಿಯನ್ನು ನೋಡಿತು. ನಮ್ಮನ್ನು ನೋಡಿತು. ಪಕ್ಕದ ಹಸುವಿನ ಕೊರಳಲ್ಲಿದ್ದ ಹೂವಿನ ಹಾರ ತಿನ್ನತೊಡಗಿತು. ಬೆಂಕಿ ಆರುವ ತನಕ ತಿಂದಿತು.

ಅವತ್ತು ರಾತ್ರಿ ಮಗಳು ಯಾರನ್ನೂ ಕೇಳದೆ ಒಂದು ಸಾಲು ಬರೆದಿದ್ದಾಳೆ: 'ಗೌರಿ ಬೆಂಕಿ ಹಾರಲಿಲ್ಲ. ಥ್ಯಾಂಕ್ ಯೂ ಗೌರಿ.' ಇಡೀ ಡೈರಿಯಲ್ಲಿ ಟೀಚರ್ ರೈಟ್ ಹಾಕಿರುವುದು ಅದೊಂದಕ್ಕೇ.

ಹೊರಡುವ ಹಿಂದಿನ ಸಂಜೆ ದೊಡ್ಡಪ್ಪ ಸೀದಾ ನನ್ನ ಕಡೆ ತಿರುಗಿದರು. "ಎಲ್ಲಾ ಬರೆಸಿದೆ. ನೀನು ಊರಿಗೆ ಏನು ಕೊಟ್ಟೆ, ಅದನ್ನೂ ಬರೆಸೋಣ."

ನಾನು ತಡವರಿಸಿದೆ. ದೇವಸ್ಥಾನಕ್ಕೆ ಒಂದು ಗಡಿಯಾರ ಕೊಟ್ಟಿದ್ದೆ, ಅದು ನಿಂತುಹೋಗಿದೆ. ಬೇರೆ ಏನೂ ಹೊಳೆಯಲಿಲ್ಲ.

"ಬಾ" ಅಂದರು. ಕೆರೆ ಏರಿಯ ಮೇಲೆ ಕರೆದುಕೊಂಡು ಹೋದರು. ಕೆರೆ ತುಂಬಿತ್ತು.

ಇದು ನಿಮಗೆ ದೊಡ್ಡ ವಿಷಯ ಅಲ್ಲದಿರಬಹುದು. ನಾನು ಚಿಕ್ಕವಳಿದ್ದಾಗ ಅದು ಕೆರೆ ಅಂತ ಹೆಸರಿಗೆ ಮಾತ್ರ. ಹುಡುಗರು ಅದರ ನಡುವೆ ಕ್ರಿಕೆಟ್ ಆಡುತ್ತಿದ್ದರು, ನಾವು ಜಾಲಿ ಮುಳ್ಳು ಆಯುತ್ತಿದ್ದೆವು. ಸಾವಿರ ಅಡಿ ಕೊರೆದರೂ ಬೋರು ಬರೀ ಧೂಳು ಉಗುಳುತ್ತಿತ್ತು. ಟ್ಯಾಂಕರ್ ಬಂದ ದಿನ ಅಮ್ಮ ನಮ್ಮಿಬ್ಬರು ಹೆಣ್ಣುಮಕ್ಕಳಿಗೂ ಸೇರಿಸಿ ಆರು ಚೊಂಬಿನಲ್ಲಿ ಸ್ನಾನ ಮುಗಿಸುತ್ತಿದ್ದಳು. ಬಚ್ಚಲ ಕಲ್ಲಿನಿಂದ ಹೊರಗೆ ಹೋದ ನೀರು ಕರಿಬೇವಿನ ಗಿಡಕ್ಕೆ. ನಾವು ಸ್ನಾನ ಮಾಡಲ್ಲ ಅಂತ ಹಟ ಮಾಡಿದರೆ "ಗಿಡ ಒಣಗುತ್ತೆ ಬನ್ರೇ" ಅಂತಿದ್ದಳು. ನಮ್ಮ ಮೈ ಕೊಳೆಗಿಂತ ಅವಳಿಗೆ ಆ ಗಿಡದ ಚಿಂತೆ.

ಈಗ ಕೆರೆಯಲ್ಲಿ ನೀರಿದೆ, ಕೊಕ್ಕರೆ ಇವೆ. ನೀರು ಬಂದಿರುವುದು ಮೋಡದಿಂದ ಅಲ್ಲ, ಬೆಂಗಳೂರಿನಿಂದ. ಕೆ.ಸಿ. ವ್ಯಾಲಿ ಅಂತ ಕೇಳಿರುತ್ತೀರಿ. ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಪೈಪಿನಲ್ಲಿ ಕೋಲಾರಕ್ಕೆ ತಳ್ಳುತ್ತಾರೆ. 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ ಅನ್ನುವುದು ಯೋಜನೆಯ ಲೆಕ್ಕ. ಕುಡಿಯಲು ಅಲ್ಲ, ಅಂತರ್ಜಲ ಮೇಲೆ ಬರಲಿ ಅಂತ. ಮೂರನೇ ಹಂತದ ಶುದ್ಧೀಕರಣವನ್ನೂ ಮಾಡಿ ಕೊಡಿ ಅಂತ ರೈತರು ಜಗಳ ಆಡುತ್ತಲೇ ಬಂದಿದ್ದಾರೆ, ಅದು ನ್ಯಾಯವೇ.

"ನಿನ್ನ ಮನೆ ಕೋರಮಂಗಲ ಅಲ್ವಾ?" ಅಂದರು ದೊಡ್ಡಪ್ಪ.

"ಹೂಂ."

"ಮೂರನೇ ಫ್ಲೋರು?"

"ಹೂಂ."

"ಅಲ್ಲಿಂದ ಇಳಿದು ಇಲ್ಲಿಗೇ ಬರೋದು." ಮಗಳ ಕಡೆ ತಿರುಗಿ, "ಬರ್ಕೋ ಮಗ. ನಿಮ್ಮಮ್ಮ ಊರಿಗೆ ಕೊಟ್ಟಿದ್ದು: ಸ್ನಾನದ ನೀರು. ಬೆಳಿಗ್ಗೆ ಒಂದು ಸಲ. ಸಂಜೆ ಇಲ್ಲ." ಫ್ಯಾಟ್ ಎಷ್ಟು ಹಾಕಲಿ ಅಂತ ಅವಳು ಕೇಳಿದಳು. ದೊಡ್ಡಪ್ಪ ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, "ಜಾಸ್ತಿನೇ ಇರುತ್ತೆ, 5 ಹಾಕು" ಅಂದರು.

ಆಮೇಲೆ ಗಂಭೀರವಾಗಿ, "ಸೋಪು ಮಾತ್ರ ಕಮ್ಮಿ ಹಾಕ್ಕೊಳ್ಳಮ್ಮ. ನೊರೆ ಬಂದ್ರೆ ನಮ್ಮ ಕೆರೆ ಮರ್ಯಾದೆ ಪ್ರಶ್ನೆ."

ಇಪ್ಪತ್ತು ವರ್ಷ ಓದಿ, ಕೆಲಸ ಮಾಡಿ, ಟ್ಯಾಕ್ಸ್ ಕಟ್ಟಿ, ಕೊನೆಗೆ ನನ್ನ ಹೆಸರಿನ ಮುಂದೆ ಬಿದ್ದ ಒಂದೇ ಒಂದು ಎಂಟ್ರಿ ಬಚ್ಚಲ ನೀರು. ಅಮ್ಮನಿಗೆ ಹೇಳಿದರೆ ಅವಳಿಗೆ ನಗುವೇ ಬರಲಿಲ್ಲ. "ಒಳ್ಳೇದಾಯ್ತು, ದಿನಾ ಮಾಡ್ತೀಯಾ ತಾನೇ?" ಅಂದಳು.

ಹೊರಡುವಾಗಿನ ಕಥೆ ನಿಮಗೆ ಗೊತ್ತಿರುವುದೇ. ಬೇಡ ಅಂದಷ್ಟೂ ಮೂಟೆ ದೊಡ್ಡದಾಗುತ್ತೆ. ಹತ್ತು ಕೆಜಿ ಸೊಗಡಿನ ಅವರೆಕಾಯಿ, ಎರಡು ಜಲ್ಲೆ ಕಬ್ಬು, ರಾಗಿ ಹಿಟ್ಟು, ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ತುಪ್ಪ, ಅದರ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ ಮೇಲೆ ರಬ್ಬರ್ ಬ್ಯಾಂಡು. "ಇದೆಲ್ಲ ಅಲ್ಲೇ ಆ್ಯಪಲ್ಲಿ ಹತ್ತು ನಿಮಿಷಕ್ಕೆ ಬರುತ್ತೆ ಅಮ್ಮ" ಅಂದರೆ, "ಬರಲಿ, ಅದನ್ನೂ ತಿನ್ನು" ಅಂತಾಳೆ. ಗೇಟಿನಲ್ಲಿ ಬಸ್ಸು ನಿಂತಿದ್ದು ಅರ್ಧ ನಿಮಿಷ. ಅಷ್ಟರಲ್ಲಿ ದೊಡ್ಡಪ್ಪ ಮೂಟೆ ಎತ್ತಿ ಒಳಗೆ ತಳ್ಳಿದರು, ಅದು ಸೀದಾ ಹೋಗಿ ಯಾರೋ ನಿದ್ದೆ ಮಾಡುತ್ತಿದ್ದವರ ಮಡಿಲಲ್ಲಿ ಕೂತಿತು. ಹೊಸಕೋಟೆ ತನಕ ಆ ಮನುಷ್ಯ ನನ್ನನ್ನು ನೋಡಿದ ನೋಟಕ್ಕೆ ಯಾವ ಡೈರಿಯಲ್ಲೂ ಕಾಲಂ ಇಲ್ಲ. ಕಬ್ಬಿನ ತುದಿ ಕಂಡಕ್ಟರ್ ಬೆನ್ನಿಗೆ ಎರಡು ಸಲ ಚುಚ್ಚಿತು. ಅಮ್ಮ ಕೈ ಬೀಸಿದಳೋ ಇಲ್ಲವೋ ನೋಡಲು ಆಗಲಿಲ್ಲ, ತುಪ್ಪದ ಬಾಟಲಿ ಹಿಡಿದುಕೊಂಡಿದ್ದೆ.

ಈಗ ಇಲ್ಲಿ ಕೂತು ಹೊಸ ಡೈರಿ ಬರೆಸುತ್ತಿದ್ದೇನೆ. "ಸೂರ್ಯನಿಗೆ ಥ್ಯಾಂಕ್ಸ್ ಅಂತ ಬರಿ. ಮರಗಳಿಗೆ, ಪಕ್ಷಿಗಳಿಗೆ" ಅಂದೆ. ಟೀಚರಿಗೆ ಬೇಕಿರುವುದು ಇಂಥದ್ದೇ, ನನಗೂ ಬೇಗ ಮುಗಿದರೆ ಸಾಕು. ಮಗಳು ಪೆನ್ನು ಕೆಳಗಿಟ್ಟಳು. "ಸೂರ್ಯ ನಮಗೆ ಪೆಟ್ರೋಮ್ಯಾಕ್ಸ್ ತಂದಿದ್ನಾ?" ಅಂತ ಕೇಳಿದಳು. ಇದಕ್ಕೆ ಉತ್ತರ ಇದ್ದರೆ ನನಗೂ ಹೇಳಿ.

ಅಷ್ಟರಲ್ಲಿ ಫೋನು. ದೊಡ್ಡಪ್ಪ.

"ಡೈರಿಗೆ ಎಷ್ಟು ಬಂತು?"

ಕೆಂಪು ಇಂಕಿನ ಪುಟ ಕಣ್ಣ ಮುಂದೆಯೇ ಇತ್ತು. "ಹತ್ತಕ್ಕೆ ಒಂಬತ್ತು ದೊಡ್ಡಪ್ಪ."

"ಒಂದು ಯಾಕೆ ಹೋಯ್ತು?"

"ಸಹಿ ಇರಲಿಲ್ಲ ಅಂತೆ."

"ಹೇಳಿದ್ದೆ ನಾನು! ಸಹಿ ಇಲ್ದಿದ್ರೆ ಯಾವ ಆಡಿಟಲ್ಲೂ ನಿಲ್ಲಲ್ಲ." ಗೆದ್ದ ದನಿ. ಆಮೇಲೆ ಸ್ವಲ್ಪ ತಗ್ಗಿ, "ಅವರೆಕಾಯಿ ಮೂಟೆ ಬಸ್ಸಿಗೆ ಎತ್ತಿಕೊಟ್ಟಿದ್ದು ಬಿಟ್ಟುಹೋಗಿದೆ ನೋಡು. ಐವತ್ತೆಂಟನೇದು. ಸೇರಿಸಿಬಿಡು."

ಸೇರಿಸುತ್ತೇನೆ ಅಂದೆ. ಸಿಂಕಿನ ಮುಂದೆ ನಿಂತು ಕೈ ತೊಳೆದುಕೊಂಡೆ. ಅವರೆಯ ಸೊಗಡು ಹೋಗಲಿಲ್ಲ. ಸೋಪಿಗೆ ಕೈ ಹಾಕಿದವಳು ಅಲ್ಲೇ ಬಿಟ್ಟೆ, ಬರೀ ನೀರಲ್ಲೇ ಇನ್ನೊಂದು ಸಲ ಉಜ್ಜಿಕೊಂಡೆ. ಆ ಕೈಯಲ್ಲೇ ಹಳೇ ಡೈರಿಯ ಗೆರೆಯ ಮೇಲೆ ಸಹಿ ಹಾಕಿದೆ. ಸೋಮವಾರ ಟೀಚರ್ ಮೂಗಿಗೆ ಗೊತ್ತಾಗುತ್ತೆ.